ಉಬಾಲ್ದಾ ಒಪ್ಪಿಕೊಂಡ ಬುಟ್ಟಿ

ಸಾನ್ ತೆಲ್ಮೊ ಊರಿನ ವಿಶ್ವವಿದ್ಯಾಲಯದಲ್ಲಿ ಓದು ಮುಗಿಯುವುದು ಪರೀಕ್ಷೆ ಬರೆದಾಗ ಅಲ್ಲ, ಧರ್ಮತಂದೆ ಗೊತ್ತಾದಾಗ. ಕೊನೆಯ ವರ್ಷದ ಮಕ್ಕಳೆಲ್ಲ ಸೇರಿ ಊರಿನ ಒಬ್ಬ ದೊಡ್ಡ ಮನುಷ್ಯನನ್ನು ಆರಿಸಿ, ನಮ್ಮ ತಂಡಕ್ಕೆ ನೀವು ಧರ್ಮತಂದೆಯಾಗಿ ಎಂದು ಕೇಳಿಕೊಳ್ಳುತ್ತಾರೆ. ಆತ ಒಪ್ಪಿದರೆ ಆ ವರ್ಷದ ತಂಡಕ್ಕೆ ಆತನದೇ ಹೆಸರು. ಇಗರ್ಜಿಯ ಪೂಜೆಗೆ ಆತ ಮುಂದೆ ನಡೆಯಬೇಕು, ಊಟ ಹಾಕಿಸಬೇಕು, ವಾದ್ಯದವರನ್ನು ಕರೆಸಬೇಕು, ಮೊದಲ ಸುತ್ತು ಕುಣಿಯಬೇಕು. ಹಿಂದೆಲ್ಲ ಮೇಷ್ಟರುಗಳು ಧರ್ಮತಂದೆಯಾಗುತ್ತಿದ್ದರು. ಆಮೇಲೆ ಮಕ್ಕಳಿಗೆ ಬುದ್ಧಿ ಬಂತು. ಮೇಷ್ಟರ ಕೈಯಲ್ಲಿ ಏನಿರುತ್ತದೆ, ಸೀಮೆಸುಣ್ಣ. ಹಾಗಾಗಿ ಶಾಸಕರು ಬಂದರು, ಸಿಮೆಂಟಿನವರು ಬಂದರು, ಹೋಟೆಲಿನವರು ಬಂದರು. ಆಮೆ, ಮೀನು, ಹವಳ ಓದಿಕೊಂಡ ಮಕ್ಕಳ ಒಂದು ತಂಡಕ್ಕೆ ಡಾಂಬರು ಗುತ್ತಿಗೆದಾರನ ಹೆಸರಿದೆ. ಕಾರಿಡಾರಿನ ಫಲಕದಲ್ಲಿ ಇವತ್ತಿಗೂ ಹೊಳೆಯುತ್ತಿದೆ.

ಉಬಾಲ್ದಾ ಸಾಲಿನಾಸ್ ಆ ಕಾರಿಡಾರಿನಲ್ಲಿ ಓಡಾಡಿದವಳಲ್ಲ. ಆಕೆಯ ಮನೆ ವಿಶ್ವವಿದ್ಯಾಲಯದ ಗೇಟಿನಿಂದ ಕೂಗಳತೆಯಲ್ಲಿತ್ತು, ಹಿನ್ನೀರಿಗೆ ಬೆನ್ನು ಹಾಕಿ ನಿಂತಿತ್ತು. ಗಂಡ ನಾಬೋರ್ ಸತ್ತ ಮೇಲೆ ಆಕೆ ಗುಡ್ಡದ ಕಡೆಯಿಂದ ಓದಲು ಬರುವ ಮಕ್ಕಳಿಗೆ ಕೋಣೆ ಕೊಟ್ಟು ಊಟ ಹಾಕಿ ಜೀವನ ಮಾಡಿದಳು. ಬೆಳಿಗ್ಗೆ ಕಪ್ಪು ಕಾಳಿನ ಸಾರು, ಮಧ್ಯಾಹ್ನ ಮೀನು, ರಾತ್ರಿ ಉಳಿದದ್ದು, ಬೈಗುಳ ಮಾತ್ರ ಮೂರು ಹೊತ್ತೂ ಬಿಸಿಬಿಸಿ. ಗುಡ್ಡದ ಮಕ್ಕಳಿಗೆ ಸಮುದ್ರವೆಂದರೆ ಭಯ. ಬಂದ ಮೊದಲ ಭಾನುವಾರವೇ ಆಕೆ ಅವರ ಕೈಹಿಡಿದು ಮೊಣಕಾಲುದ್ದ ನೀರಿಗೆ ಇಳಿಸುತ್ತಿದ್ದಳು. ಈ ಸಮುದ್ರ ನಿಮ್ಮಜ್ಜಿ ಇದ್ದ ಹಾಗೆ, ಎದುರಿಗೆ ನಿಂತರೆ ಬರೀ ಗೊಣಗುತ್ತಾಳೆ, ಬೆನ್ನು ತಿರುಗಿಸಿದರೆ ಮಾತ್ರ ಹೊಡೆಯುತ್ತಾಳೆ ಎಂದು ಹೇಳಿಕೊಡುತ್ತಿದ್ದಳು. ಸಮುದ್ರವಿಜ್ಞಾನದ ಮೊದಲ ಪಾಠ ಎಷ್ಟೋ ಮಕ್ಕಳಿಗೆ ಆದದ್ದು ಹೀಗೆ, ಒದ್ದೆ ಲಂಗದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು.

ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯದ ಅಂಗಳದಲ್ಲಿ ಜಾತ್ರೆಯಂಥದು ನಡೆಯುತ್ತದೆ. ಅಲ್ಲಿ ಬಣ್ಣದ ರಿಬ್ಬನ್ ಕಟ್ಟಿ ಒಂದು ಸುಳ್ಳು ಜೈಲು ಮಾಡಿರುತ್ತಾರೆ. ಚಿಲ್ಲರೆ ಕೊಟ್ಟರೆ ಯಾರನ್ನು ಬೇಕಾದರೂ ಬಂಧಿಸಬಹುದು. ಉಬಾಲ್ದಾಳನ್ನು ಅವಳ ಹುಡುಗರೇ ಪ್ರತಿವರ್ಷ ಒಳಗೆ ಹಾಕಿಸುತ್ತಿದ್ದರು. ಅಪರಾಧ, ಸಾರಿಗೆ ಉಪ್ಪು ಜಾಸ್ತಿ. ಒಂದು ವರ್ಷ ಕುಲಪತಿಗಳನ್ನೂ ಅದೇ ಜೈಲಿಗೆ ತಳ್ಳಿದರಂತೆ. ಇಬ್ಬರೂ ರಿಬ್ಬನ್ನಿನೊಳಗೆ ಕೂತು ಹಲ್ಲುನೋವಿಗೆ ಲವಂಗ ಒಳ್ಳೆಯದೋ ಮೆಸ್ಕಾಲ್ ಸಾರಾಯಿ ಒಳ್ಳೆಯದೋ ಎಂದು ವಾದಿಸುತ್ತಿದ್ದುದನ್ನು ಊರು ನೋಡಿದೆ. ಸತ್ತವರ ಹಬ್ಬಕ್ಕೆ ಮಕ್ಕಳು ಗ್ರಂಥಾಲಯದ ಮುಂದೆ ಪೀಠ ಕಟ್ಟಿದರೆ ಧೂಪದ ಮಡಕೆ ಉಬಾಲ್ದಾಳ ಮನೆಯದು, ಚೆಂಡುಹೂವಿನ ಹಾರ ಪೋಣಿಸುವ ದಬ್ಬಳವೂ ಅವಳದೇ. ಆದರೆ ದೊಡ್ಡ ಸಭಾಂಗಣದೊಳಗೆ ಆಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಬರಬೇಡ ಎಂದವರಿಲ್ಲ. ಬಾ ಎಂದವರೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಶ್ವವಿದ್ಯಾಲಯ ನಿಂತಿರುವ ನೆಲ ಸರ್ಕಾರ ಕೊಂಡದ್ದಲ್ಲ. ಊರಿನ ಸಭೆ ಕೈಯೆತ್ತಿ ಬಿಟ್ಟುಕೊಟ್ಟದ್ದು. ಅದರ ಮುಳ್ಳು ಕಡಿದವರು ಊರಿನ ಗಂಡಸರು, ಮಣ್ಣು ಹೊತ್ತವರು ಊರಿನ ಹೆಂಗಸರು, ಕೂಲಿಯಿಲ್ಲದೆ, ಪಾಳಿಯ ಮೇಲೆ, ಇದು ನಮ್ಮದು ಎಂದುಕೊಂಡು. ನಾಬೋರನ ಅಂಗೈಯಲ್ಲಿ ಸಾಯುವವರೆಗೂ ಆ ಕೊಡಲಿಯ ಗಂಟುಗಳಿದ್ದವು. ಗೇಟಿನ ಕಲ್ಲಿನ ಮೇಲೆ ಇರುವುದು ಒಬ್ಬ ಮಂತ್ರಿಯ ಹೆಸರು. ಆತ ಬಂದು ರಿಬ್ಬನ್ ಕತ್ತರಿಸಿ, ಸೆಕೆ ಜಾಸ್ತಿ ಎಂದು ಊಟಕ್ಕೂ ನಿಲ್ಲದೆ ಹೋಗಿದ್ದ.

ಆ ವರ್ಷ, ಮಳೆಗಾಲಕ್ಕೆ ಇನ್ನೂ ಸ್ವಲ್ಪ ಸಮಯವಿದ್ದಾಗ, ಧರ್ಮತಂದೆ ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಿನ್ನೀರಿನಂಚಿನ ಹೋಟೆಲಿನ ಒಡೆಯ ದೋನ್ ರುತಿಲಿಯೊ ಕಾರ್ಮೊನಾ. ಆತ ತನ್ನ ಹೋಟೆಲಿನ ದೊಡ್ಡ ಹಾಲಿಗೆ ಬಣ್ಣ ಹೊಡೆಸಿ ಆಗಿತ್ತು. ಹೊಸ ಅಂಗಿ ಹೊಲಿಯಲು ಕೊಟ್ಟಿದ್ದಾನೆ ಎಂದು ಉಬಾಲ್ದಾಳಿಗೆ ಹೇಳಿದವಳು ಅವಳ ಮಗಳು ಲುಸೆರೊ. ಲುಸೆರೊ ಆ ಹೋಟೆಲಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಕೆಲಸ ಕೊಟ್ಟದ್ದು ದೋನ್ ರುತಿಲಿಯೊನೇ, ಏಕೆಂದರೆ ಹುಡುಗಿಯ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಅವನು. ನಮ್ಮಲ್ಲಿ ಮಗುವಿನ ಧರ್ಮತಂದೆ ಮಗುವಿನ ತಾಯಿಗೆ ಕೊಂಪಾದ್ರೆ ಆಗುತ್ತಾನೆ, ಅವಳು ಅವನಿಗೆ ಕೊಮಾದ್ರೆ. ಬೀಗತನಕ್ಕಿಂತ ಬಿಗಿಯಾದ ಗಂಟು ಅದು. ಜೊತೆಗೆ ಬೆಳೆದವರಾಗಿದ್ದರೂ ಅವತ್ತಿನಿಂದ ಏಕವಚನ ಬಿಡಬೇಕು, ನೀವು ತಾವು ಎನ್ನಬೇಕು. ಜಗಳವಾಡುವಂತಿಲ್ಲ. ಒಬ್ಬರ ಹುಳುಕನ್ನು ಇನ್ನೊಬ್ಬರು ಆಡುವಂತಿಲ್ಲ.

ಒಂದು ಮಧ್ಯಾಹ್ನ ಉಬಾಲ್ದಾ ಕಾವಲಿ ಉಜ್ಜುತ್ತಿದ್ದಾಗ ಅವಳ ಮನೆಯ ಮಕ್ಕಳೂ ಅವರ ಜೊತೆಯವರೂ ಗುಂಪಾಗಿ ಬಾಗಿಲಲ್ಲಿ ನಿಂತರು. ಮುಂದೆ ಆರೆಲಿ, ಗುಡ್ಡದ ಮೇಲಿನ ಮೋಡದೂರಿನಿಂದ ಬಂದ ಸಣ್ಣ ದನಿಯ ಹುಡುಗಿ. ಅವಳ ಪಕ್ಕ ಗಮಾಲಿಯೆಲ್, ಬಾಯಿಬಡುಕ. ಆರೆಲಿಯ ಕೈಯಲ್ಲಿ ಬುಟ್ಟಿ. ಧರ್ಮತಂದೆಯಾಗಿ ಎಂದು ಕೇಳಲು ಹೋಗುವವರು ಒಯ್ಯುವ ಬುಟ್ಟಿ: ಸಿಹಿ ಬನ್ನು, ಕುಡಿಯುವ ಚಾಕೊಲೇಟಿನ ಬಿಲ್ಲೆಗಳು, ಒಂದು ಬಾಟಲಿ ಮೆಸ್ಕಾಲ್. ಕೇಳಿಸಿಕೊಂಡವರು ಬುಟ್ಟಿಯನ್ನು ಮನೆಯ ಸಂತರ ಪಟದ ಮುಂದೆ ಇಟ್ಟರೆ ಒಪ್ಪಿದ ಹಾಗೆ. ಹೊಸ್ತಿಲಲ್ಲೇ ಬಿಟ್ಟರೆ ಒಲ್ಲೆ ಎಂದ ಹಾಗೆ. ಬಾಯಿಮಾತು ಆಮೇಲಿನದು.

ಬುಟ್ಟಿ ಹೊರಟಿರುವುದು ಕೊಂಪಾದ್ರೆಯ ಮನೆಗೆ, ಸರಿಯಾಗಿದೆಯೋ ಇಲ್ಲವೋ ಎಂದು ತನಗೆ ತೋರಿಸಲು ತಂದಿದ್ದಾರೆ ಎಂದೇ ಉಬಾಲ್ದಾ ಅಂದುಕೊಂಡಳು. ಆರೆಲಿ ಬಾಯಿ ತೆರೆಯುವ ಮೊದಲೇ ಬಟ್ಟೆ ಎತ್ತಿ ನೋಡಿದಳು.

“ಇದೇನ್ ಬನ್ನೋ, ಗುಂಡಿಗಳೋ? ಇದನ್ನ ತಗೊಂಡ್ ಹೋಗಿ ನನ್ ಕೊಂಪಾದ್ರೆ ಮುಂದೆ ಇಟ್ರೆ, ಉಬಾಲ್ದಾ ಈ ಮಕ್ಕಳನ್ನ ಉಪವಾಸ ಕೆಡವಿದಾಳೆ ಅಂತಾರೆ. ಕೊಡಿಲ್ಲಿ.”

ಬುಟ್ಟಿಯನ್ನು ಕಿತ್ತುಕೊಂಡು ಒಳಗೆ ನಡೆದಳು. ತನ್ನ ಡಬ್ಬಿಯಿಂದ ಒಳ್ಳೆಯ ಚಾಕೊಲೇಟು ತೆಗೆದು ತುಂಬಿದಳು. ಬೆಳಿಗ್ಗೆ ಸುಟ್ಟ ಬನ್ನು ಮೇಲೆ ಜೋಡಿಸಿದಳು. ಮಕ್ಕಳು ಹೊದಿಸಿದ್ದ ಅಂಗಡಿಯ ಬಟ್ಟೆ ತೆಗೆದೆಸೆದು ತನ್ನ ಮದುವೆಯ ಕಸೂತಿ ಬಟ್ಟೆ ಮುಚ್ಚಿದಳು. ಅಡುಗೆಮನೆಯಲ್ಲಿ ಇರುವೆ, ಹೊರಗೆ ಬಿಸಿಲು. ತಂಪಾಗಿ ಇದ್ದದ್ದು ಸಂತ ತೆಲ್ಮೊರ ಪಟದ ಮುಂದಿನ ಮೇಜು ಒಂದೇ. ಅಲ್ಲಿ ಇಟ್ಟು, ಸಂಜೆ ತಂಪಾದ ಮೇಲೆ ಹೊರಡಿ ಎಂದು ಹೇಳುತ್ತ ತಿರುಗಿದಳು.

ಗಮಾಲಿಯೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಇಗರ್ಜಿಯಲ್ಲಿ ಹಿಡಿದ ಹಾಗೆ.

“ಸೇರಬೇಕಾದ ಕಡೆ ಸೇರ್ತು ಬಿಡಿ,” ಅಂದ.

“ಏನು ಸೇರ್ತು?”

“ಬುಟ್ಟಿ. ಅದು ನಿಮಗೇ ತಂದಿದ್ದು, ದೋನ್ಯಾ ಉಬಾಲ್ದಾ.”

ಉಬಾಲ್ದಾ ಹತ್ತಿರ ಸಿಕ್ಕ ಕುರ್ಚಿಯ ಮೇಲೆ ಕೂತಳು. ಬಾಯಿಗೆ ಬಂದದ್ದು ಬೈಗುಳವೇ. “ನಾಲಿಗೆ ಬಿದ್ದೋಗಿತ್ತಾ ನಿಮಗೆ? ಮೊದ್ಲೇ ಹೇಳೋಕೆ ಏನಾಗಿತ್ತು?”

“ನೀವು ಬಿಟ್ರೆ ತಾನೇ ಅವ್ವಾ,” ಎಂದಳು ಆರೆಲಿ. “ನಾನು ಉಸಿರು ಎಳ್ಕೊಂಡೆ, ಅಷ್ಟರಲ್ಲಿ ಬುಟ್ಟಿನೇ ಇಲ್ಲ.”

ಉಬಾಲ್ದಾಳಿಗೆ ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳಿಗೆ ತಟ್ಟನೆ ಎಲ್ಲ ಅರ್ಥವಾಯಿತು. ದೋನ್ ರುತಿಲಿಯೊನನ್ನು ಬಿಟ್ಟು ತನ್ನ ಬಳಿಗೆ ಬಂದಿದ್ದಾರೆ ಎಂದರೆ ಅದಕ್ಕೊಂದು ಕಾರಣವಿರಬೇಕು, ಆ ಕಾರಣ ಅವಳ ಮನೆಯ ಹಿತ್ತಲಿನಲ್ಲೇ ಇತ್ತು. ಮಕ್ಕಳೇ ಹೇಳಿದರು. ಅವರು ವರ್ಷವಿಡೀ ಹಿನ್ನೀರಿನ ನೀರು ತೆಗೆದು ಪರೀಕ್ಷೆ ಮಾಡಿದ್ದರು. ಹೋಟೆಲಿನ ಹಿಂದೆ ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಮರಗಳ ಬುಡದಲ್ಲಿ ಒಂದು ಪೈಪು ಹೊರಬರುತ್ತದೆ. ಅದರಲ್ಲಿ ಬರುವುದೇನು ಎಂದು ಹೇಳಲು ಪ್ರಯೋಗಶಾಲೆ ಬೇಕಿಲ್ಲ, ಮೂಗು ಸಾಕು. ಪದವಿ ಸಮಾರಂಭದ ಮರುಸೋಮವಾರ ಊರಿನವರನ್ನೆಲ್ಲ ಸಭಾಂಗಣಕ್ಕೆ ಕರೆದು ಅದನ್ನು ತೋರಿಸಬೇಕೆಂದು ತಂಡದ ಆಸೆ. ಮೇಷ್ಟರುಗಳು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಓದಿದವರಿಗೆ ಮಾತ್ರ ಬರುವ ಒಂದು ಬಗೆಯ ಕೆಮ್ಮು ಕೆಮ್ಮಿದರು.

“ಅವರ ಊಟ ಉಂಡು, ಅವರ ಹೆಸರು ಇಟ್ಕೊಂಡು, ಸೋಮವಾರ ಅವರ ಮೇಲೆ ಹೇಗೆ ಬಾಯಿ ಬಿಡೋದು?” ಎಂದಳು ಆರೆಲಿ. “ಧರ್ಮತಂದೆ ಆದಮೇಲೆ ಆಗಲ್ಲ ಅಲ್ವಾ?”

“ನನ್ನನ್ನ ಧರ್ಮತಾಯಿ ಮಾಡ್ಕೊಂಡ್ರೆ ನಾನು ಹೇಗೆ ಬಾಯಿ ಬಿಡ್ಲಿ?” ಎಂದಳು ಉಬಾಲ್ದಾ. “ಅವರು ನನಗೆ ಕೊಂಪಾದ್ರೆ ಕಣೇ.”

ಮಕ್ಕಳು ಹೋದ ಮೇಲೆ ಆಕೆ ಬುಟ್ಟಿಯ ಮುಂದೆ ಕೂತೇ ಇದ್ದಳು. ತಾನೇ ತುಂಬಿದ ಬುಟ್ಟಿ. ಹಿಂದಕ್ಕೆ ಕೊಟ್ಟರೆ ಮಕ್ಕಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಈ ಊರು ಅದನ್ನು ಮೂರು ತಲೆಮಾರು ಆಡಿಕೊಳ್ಳುತ್ತದೆ. ಇಟ್ಟುಕೊಂಡರೆ ಹಿನ್ನೀರಿನಂಚಿನಲ್ಲಿ ಹೊಸ ಅಂಗಿ ಹೊಲಿಸಿಕೊಂಡು ಕೂತವನ ಮುಖಕ್ಕೆ.

ಆ ಮುಖಕ್ಕೆ ಅವಳು ಎಷ್ಟು ಋಣಿ ಎಂಬುದು ಊರಿಗೆಲ್ಲ ಗೊತ್ತು. ನಾಬೋರ್ ಸಮುದ್ರಕ್ಕೆ ಹೋಗಿ ಬಾರದೆ ಉಳಿದಾಗ ಬಿರುಗಾಳಿ ಇನ್ನೂ ಬೀಸುತ್ತಿತ್ತು. ನೌಕಾಪಡೆಯವರು ಇನ್ನು ಪ್ರಯೋಜನವಿಲ್ಲ ಎಂದು ಹಿಂದಿರುಗಿದ್ದರು. ಆಗ ರುತಿಲಿಯೊಗೆ ಹೋಟೆಲಿರಲಿಲ್ಲ, ಇದ್ದದ್ದು ಒಂದು ದೋಣಿ, ಅದೂ ಸೋರುವಂಥದು. ಆತ ಒಬ್ಬನೇ ಹೊರಟ. ಊರಿನವರು ಅವನಿಗೂ ಮೇಣದಬತ್ತಿ ಹಚ್ಚಿಟ್ಟರು. ಆತ ಹಿಂದಿರುಗಿದಾಗ ತುಟಿ ಒಡೆದಿತ್ತು, ಕಣ್ಣು ಉಪ್ಪಿಗೆ ಊದಿಕೊಂಡಿತ್ತು, ದೋಣಿಯಲ್ಲಿ ಹಾಯಿಬಟ್ಟೆ ಸುತ್ತಿದ ನಾಬೋರ್ ಇದ್ದ. ನಮ್ಮೂರಿನಲ್ಲಿ ಸಮುದ್ರಕ್ಕೆ ಗಂಡನನ್ನು ಕೊಟ್ಟ ಹೆಂಗಸರು ಜೂನ್ ಮೊದಲ ದಿನ ದೋಣಿಯಲ್ಲಿ ಹೋಗಿ ನೀರಿಗೆ ಹೂವು ಎಸೆದು ಬರುತ್ತಾರೆ, ಅವರಿಗೆ ಬೇರೆ ಗೋರಿಯಿಲ್ಲ. ಉಬಾಲ್ದಾಳಿಗೆ ಗೋರಿಯಿದೆ. ಗುಡಿಸಬಹುದು, ಕೂತು ಬೈಯಬಹುದು, ಮಗಳ ವಿಷಯ ಹೇಳಬಹುದು. ಇದು ಎಂಥ ಭಾಗ್ಯ ಎಂಬುದು ಅದಿಲ್ಲದವರಿಗೆ ಮಾತ್ರ ಗೊತ್ತು. ಆಕೆ ಪ್ರತಿರಾತ್ರಿ ಪ್ರಾರ್ಥನೆಯಲ್ಲಿ ರುತಿಲಿಯೊನ ಹೆಸರನ್ನು ತನ್ನ ಸ್ವಂತ ತಮ್ಮಂದಿರಿಗಿಂತ ಮುಂಚೆ ಹೇಳುತ್ತಿದ್ದಳು.

ಪೈಪಿನ ವಿಷಯ ಅವಳಿಗೆ ಮಕ್ಕಳಿಗಿಂತ ಮೊದಲೇ ಗೊತ್ತಿತ್ತು. ಕಾಂಡ್ಲಾ ಬೇರುಗಳಲ್ಲಿ ಗೊಂಚಲು ಕಟ್ಟುವ ಕಪ್ಪು ಚಿಪ್ಪಿನ ತಿಚಿಂದಾಗಳನ್ನು ಕಿತ್ತು, ಜೋಳದ ಹಿಟ್ಟಿನಲ್ಲಿಟ್ಟು ಬೇಯಿಸಿ ತಮಾಲೆ ಮಾಡುವುದು ಅವಳ ತಾಯಿಯ ಕಾಲದಿಂದ ಬಂದ ಅಡುಗೆ. ಹಿತ್ತಲ ಕಡೆಯ ಬೇರುಗಳಲ್ಲಿ ತಿಚಿಂದಾ ಬರಿದಾಯಿತು. ಇದ್ದವೂ ಬಾಯಿ ತೆರೆದು ಸತ್ತಿದ್ದವು. ಆಕೆ ಯಾರಿಗೂ ಏನೂ ಹೇಳದೆ ಎರವಲು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಕಿತ್ತು ತರತೊಡಗಿದಳು. ಏಕೆ ಅಷ್ಟು ದೂರ ಎಂದು ಕೇಳಿದರೆ, ಈ ವರ್ಷ ನೀರು ಬಿಸಿ ಎನ್ನುತ್ತಿದ್ದಳು. ಮರುವರ್ಷವೂ ನೀರು ಬಿಸಿಯೇ. ಬಾಯಿ ಮುಚ್ಚು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಡವರ ಕೃತಜ್ಞತೆಯಲ್ಲಿ ಉಳ್ಳವರಿಗಿರುವ ಅನುಕೂಲವೇ ಅದು. ಬಾಯಿಗೆ ಬಟ್ಟೆ ತುರುಕುವ ಕೆಲಸವನ್ನು ಕೃತಜ್ಞರಾದವರೇ ಮಾಡಿಕೊಳ್ಳುತ್ತಾರೆ, ಅದೂ ಪ್ರೀತಿಯಿಂದ.

ಸಂಜೆಗೆ ಲುಸೆರೊ ಓಡಿಬಂದಳು. ಹೋಟೆಲಿಗೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ತನ್ನ ಧರ್ಮತಂದೆ ನಕ್ಕರಂತೆ. ನಮ್ಮ ಕೊಮಾದ್ರೆ ಆ ಮಕ್ಕಳಿಗೆ ಏನು ಕೊಡುತ್ತಾರೆ, ಕಾಳಿನ ಸಾರಾ ಎಂದರಂತೆ. ನಕ್ಕ ಮೇಲೆ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಹೊರಗೆ ಬರಲಿಲ್ಲವಂತೆ. ಬುಟ್ಟಿ ವಾಪಸ್ ಕೊಟ್ಟುಬಿಡು ಎಂದು ಲುಸೆರೊ ಅತ್ತಳು. ತನ್ನ ಕೆಲಸದ ವಿಷಯ ಅವಳು ಎತ್ತಲಿಲ್ಲ. ಎತ್ತದಿದ್ದದ್ದೇ ಅವ್ವನಿಗೆ ಹೆಚ್ಚು ಚುಚ್ಚಿತು.

ಮಾರನೆಯ ದಿನ ಬಿಸಿಲೇರುವ ಮೊದಲು ಉಬಾಲ್ದಾ ಇಗರ್ಜಿಗೆ ಹೋಗುವ ಲಂಗ ಉಟ್ಟು, ಬುಟ್ಟಿಯಲ್ಲಿದ್ದ ಬನ್ನುಗಳಲ್ಲಿ ಅರ್ಧ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಟೆಲಿಗೆ ಹೊರಟಳು. ಒಪ್ಪಿದ ಬುಟ್ಟಿಯ ಪಾಲನ್ನು ಕೊಂಪಾದ್ರೆಗೆ ಕೊಡುವುದು ಪದ್ಧತಿ. ಇಂಥ ವಿಷಯ ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸುವುದಲ್ಲ.

ದೋನ್ ರುತಿಲಿಯೊ ಮೇಲಿನ ಜಗಲಿಯಲ್ಲಿ ಕೂರಿಸಿ ಕಾಫಿ ತರಿಸಿದ. ಕೆಳಗೆ ಹಿನ್ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಆತ ಬನ್ನು ಮುರಿದು ತಿಂದ, ಚೆನ್ನಾಗಿದೆ ಎಂದ. ಮೊಮ್ಮಕ್ಕಳ ವಿಷಯ, ಮಂಡಿನೋವಿನ ವಿಷಯ ಆಯಿತು. ಆಮೇಲೆ ಆತನೇ ದಾರಿ ಮಾಡಿಕೊಟ್ಟ. ಹೆಸರು ನಿಮ್ಮದೇ ಇರಲಿ ಕೊಮಾದ್ರೆ, ಕುಣಿತದ ಹಾಲ್ ನನ್ನದು, ಊಟ ನನ್ನದು, ವಾದ್ಯ ನನ್ನದು, ನೀವು ಬಂದು ಕುಣಿದರೆ ಸಾಕು ಎಂದ. ಹೇಳಿದ್ದು ನಿಜವಾದ ಔದಾರ್ಯದಿಂದಲೇ. ಹೂಂ ಎಂದುಬಿಟ್ಟರೆ ಎಲ್ಲ ಸುಸೂತ್ರ. ಮಕ್ಕಳಿಗೆ ಮರ್ಯಾದೆ, ಮಗಳಿಗೆ ಕೆಲಸ, ಕೊಂಪಾದ್ರೆಗೆ ಸಮಾಧಾನ. ಅಷ್ಟರಲ್ಲಿ ಗಾಳಿ ತಿರುಗಿ ಕೆಳಗಿನ ವಾಸನೆ ಮೇಲೆ ಬಂತು. ಇಬ್ಬರೂ ಕಾಫಿ ಲೋಟ ಕೆಳಗಿಟ್ಟರು.

“ಪೈಪಿನ ವಿಷಯ ಏನ್ ಮಾಡ್ತೀರಿ, ಕೊಂಪಾದ್ರೆ?” ಎಂದಳು.

“ಯಾವ ಪೈಪು?”

“ನಾನು ಇಲ್ಲಿ ಕೂತಿದೀನಿ. ನೀವೂ ಇಲ್ಲೇ ಕೂತಿದೀರಿ. ಇಬ್ಬರಿಗೂ ಮೂಗಿದೆ.”

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಡದಿದ್ದ ಮಾತು ಆಗ ಅವನ ಬಾಯಿಂದ ಬಂತು. “ನಾಬೋರ್‌ನ ಹುಡುಕಿ ತಂದೋರು ಯಾರು, ಕೊಮಾದ್ರೆ?”

ಹೇಳಿದ ಮೇಲೆ ಆತನಿಗೇ ಅಸಹ್ಯವಾಯಿತೇನೋ, ಮುಖ ತಿರುಗಿಸಿದ. ಉಬಾಲ್ದಾಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಬಹಳ ಕಾಲದಿಂದ ತಲೆಯ ಮೇಲೆ ಹೊತ್ತಿದ್ದ ಕೊಡವನ್ನು ಯಾರೋ ಇಳಿಸಿದ ಹಾಗಾಯಿತು.

“ನೀವೇ ತಂದಿದ್ದು. ದಿನಾ ರಾತ್ರಿ ದೇವರಿಗೆ ಹೇಳ್ತೀನಿ, ಇವತ್ತೂ ಹೇಳ್ತೀನಿ. ಅದು ಮುಗಿಯೋ ಋಣ ಅಲ್ಲ. ಆದ್ರೆ ಅದಕ್ಕೆ ಬದಲಾಗಿ ನನ್ನ ಬಾಯಿ ಮುಚ್ಚು ಅಂತ ನೀವು ಯಾವತ್ತೂ ಕೇಳ್ಲಿಲ್ಲ. ನಾನೇ ಮುಚ್ಕೊಂಡೆ. ನೀವು ಆ ಗಾಳೀಲಿ ಒಬ್ಬರೇ ಹೋದೋರು. ಅಂಥೋರಿಗೆ ಇದು ಕಾಣಿಕೆನಾ, ಹೇಳಿ? ಸುಳ್ಳು ಹೇಳ್ಕೊಂಡು ತಿರುಗೋ ಕೊಮಾದ್ರೆ?”

ಆತ ಎದ್ದು ನಿಂತ. ಹಾಗಾದರೆ ಕುಣಿತಕ್ಕೆ ಜಾಗ ಬೇರೆ ಕಡೆ ನೋಡಿಕೊಳ್ಳಿ ಎಂದ. ಮೆಟ್ಟಿಲವರೆಗೂ ಬಂದು, ಲುಸೆರೊ ನನ್ನ ಮಗಳಿದ್ದ ಹಾಗೆ, ಅವಳ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದ. ಉಬಾಲ್ದಾ ಆತನನ್ನು ಶನಿವಾರದ ಕುಣಿತಕ್ಕೆ ಬನ್ನಿ ಎಂದು ಕರೆದಳು. ಸೋಮವಾರ ಸಭಾಂಗಣಕ್ಕೂ ಬನ್ನಿ ಎಂದಳು.

ಧರ್ಮತಾಯಿಯ ಕೈ ಬರಿದು ಎಂದು ಊರಿಗೆ ಹೇಳಬೇಕಾಗಲಿಲ್ಲ. ಪುರಸಭೆಯ ಮುಂದಿನ ಬಾಸ್ಕೆಟ್‌ಬಾಲ್ ಅಂಕಣಕ್ಕೆ ತಗಡಿನ ಮಾಡು ಇದೆ. ಊರಿನ ಮದುವೆ, ಸಭೆ, ಸಾವು ಎಲ್ಲ ನಡೆಯುವುದು ಅಲ್ಲೇ. ಊರಿನ ವಾದ್ಯದವರು ಬಂದು, ಈ ಸಲ ಊರಕೆಲಸದ ಪಾಳಿಯನ್ನು ನಾವು ಊದಿ ತೀರಿಸುತ್ತೇವೆ ಎಂದರು. ಹೆಂಗಸರು ತಮ್ಮ ತಮ್ಮ ಒಲೆಗಳಿಂದ ಪಾತ್ರೆ ಹೊತ್ತು ಬಂದರು. ಯಾರೋ ಒಬ್ಬರು ಒಂದು ಹಂದಿಯನ್ನೇ ಕೊಟ್ಟರು, ಹೆಸರು ಹೇಳಬೇಡಿ ಎಂದು. ಅದು ಯಾರ ಮನೆಯ ಹಂದಿಯೆಂದು ಊರಿಗೆಲ್ಲ ಗೊತ್ತಿತ್ತು, ಅದರ ಕಿವಿ ಹರಿದಿತ್ತು. ಉಬಾಲ್ದಾ ಇದನ್ನೆಲ್ಲ ನೋಡುತ್ತ ನಿಂತಳು. ಯಾರಿಗೆ ಎಂದು ಕೃತಜ್ಞತೆ ಹೇಳುವುದು? ಪ್ರತಿಯೊಬ್ಬರಿಗೂ ಹೇಳಲು ಹೋದರೆ ಅಡುಗೆ ಸೀದುಹೋಗುತ್ತಿತ್ತು. ಆಕೆ ಬೈಯತೊಡಗಿದಳು. ಆ ಬೈಗುಳದ ಅರ್ಥ ಎಲ್ಲರಿಗೂ ಆಯಿತು.

ಶನಿವಾರ ಪೂಜೆ ಮುಗಿಸಿ, ನಿಲುವಂಗಿ ತೊಟ್ಟ ಮಕ್ಕಳ ಮುಂದೆ ಆಕೆ ಅಂಕಣಕ್ಕೆ ನಡೆದು ಬಂದಳು. ಗುಡ್ಡದಿಂದ ಬಸ್ಸು ಹತ್ತಿ ಬಂದ ತಾಯಂದಿರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಭಾಷೆ ಅರ್ಥವಾಗದಿದ್ದರೂ ಅವಳು ತಲೆಯಾಡಿಸಿದಳು. ಆರೆಲಿಯ ತಾಯಿ ಮಾತೇ ಆಡಲಿಲ್ಲ. ತನ್ನ ಹೆಗಲಿನ ಶಾಲು ತೆಗೆದು ಉಬಾಲ್ದಾಳಿಗೆ ಹೊದಿಸಿದಳು. ಆ ಸೆಕೆಯಲ್ಲಿ ಉಣ್ಣೆಯ ಶಾಲು. ಉಬಾಲ್ದಾ ಬೆವರುತ್ತ ಅದನ್ನು ಕೊನೆಯವರೆಗೂ ಹೊದ್ದೇ ಇದ್ದಳು.

ಧರ್ಮತಾಯಿ ಮಾತಾಡಬೇಕು ಎಂದರು. ಮೈಕು ಹಿಡಿದಾಗ ಅಂಕಣದ ಗೇಟಿನ ಬಳಿ ದೋನ್ ರುತಿಲಿಯೊ ಕಂಡ, ಹೊಸ ಅಂಗಿಯಲ್ಲ, ಹಳೆಯದು. ಕೊಮಾದ್ರೆ ಸ್ವತಃ ಬಂದು ಕರೆದ ಮೇಲೆ ಬಾರದಿರುವಂತಿಲ್ಲ, ಅದಕ್ಕೇ ಬಂದಿದ್ದ.

“ನಂಗೆ ಭಾಷಣ ಬರಲ್ಲ,” ಎಂದಳು ಉಬಾಲ್ದಾ. “ನನ್ ಗಂಡನಿಗೆ ಈ ಊರಲ್ಲಿ ಒಂದು ಗೋರಿ ಇದೆ. ಎಷ್ಟೋ ಜನಕ್ಕೆ ಆ ಪುಣ್ಯ ಇಲ್ಲ. ಅದನ್ನ ನಂಗೆ ಕೊಟ್ಟೋರು ಅಲ್ಲಿ ಗೇಟಲ್ಲಿ ನಿಂತಿದಾರೆ. ಅವ್ರಿಗೆ ಚಪ್ಪಾಳೆ ಹೊಡೀರಿ.”

ಹೊಡೆದರು. ಜೋರಾಗಿಯೇ ಹೊಡೆದರು, ಸಮುದ್ರಕ್ಕೆ ಗಂಡನನ್ನು ಕೊಟ್ಟ ಹೆಂಗಸರು ಎದ್ದು ನಿಂತು ಹೊಡೆದರು. ದೋನ್ ರುತಿಲಿಯೊ ಹ್ಯಾಟು ತೆಗೆದ. ಚಪ್ಪಾಳೆ ನಿಲ್ಲುವವರೆಗೆ ಆಕೆ ಕಾದಳು.

“ಅವರ ಹೋಟೆಲ್ ಹಿಂದಿಂದ ಹಿನ್ನೀರಿಗೆ ಒಂದು ಪೈಪು ಬರುತ್ತೆ. ಇದನ್ನ ಅವರ ಮುಖಕ್ಕೆ ಮೊದ್ಲು ಹೇಳಿ, ಆಮೇಲೆ ನಿಮಗೆ ಹೇಳ್ತಿದೀನಿ. ಸೋಮವಾರ ಮಕ್ಕಳು ಎಲ್ಲಾ ತೋರಿಸ್ತಾರೆ. ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ. ನೀವೂ ಬನ್ನಿ.”

ತಗಡಿನ ಮಾಡಿನ ಮೇಲೆ ಒಂದು ಹಕ್ಕಿ ನಡೆದಾಡಿದ ಸದ್ದೂ ಕೇಳಿಸಿತು. ದೋನ್ ರುತಿಲಿಯೊ ಹ್ಯಾಟು ಹಾಕಿಕೊಂಡು, ಯಾರನ್ನೂ ನೋಡದೆ ಹೊರಟುಹೋದ. ವಾದ್ಯದವರಿಗೆ ಊದಬೇಕೋ ಬೇಡವೋ ತಿಳಿಯಲಿಲ್ಲ. ಗಮಾಲಿಯೆಲ್ ಬಂದು ಬಗ್ಗಿ ಕೈ ಚಾಚಿದ. ಕುಣಿಯುವಾಗ ಆಕೆ ಅವನ ಹೆಗಲಿಗೆ ಹಣೆ ಆನಿಸಿಕೊಂಡಿದ್ದಳು. ಹೆಜ್ಜೆ ತಪ್ಪುತ್ತಿದೆ ಅವ್ವಾ ಎಂದು ಅವನು ಛೇಡಿಸಿದ. ತಪ್ಪಲಿ ಬಿಡೋ ಎಂದಳು. ತಂಡದ ಹುಡುಗರೆಲ್ಲ ಸರದಿಯ ಮೇಲೆ ಬಂದು ಅವಳೊಡನೆ ಕುಣಿದರು. ಆಕೆ ನಗುತ್ತಲೇ ಇದ್ದಳು, ಕಣ್ಣು ಮಾತ್ರ ಆಗಾಗ ಗೇಟಿನ ಕಡೆ ಹೋಗುತ್ತಿತ್ತು. ಒಬ್ಬ ಕೊಂಪಾದ್ರೆಯನ್ನು ಕಳೆದುಕೊಂಡೆ ಎಂದೇ ಅವಳು ತಿಳಿದಿದ್ದಳು.

ಸೋಮವಾರ ಬೆಳಿಗ್ಗೆ ಉಬಾಲ್ದಾ ಮೊದಲ ಬಾರಿಗೆ ಸಭಾಂಗಣದೊಳಗೆ ಕೂತಳು. ಕುರ್ಚಿಗಳು ಮೆತ್ತಗಿದ್ದವು, ಒಳಗೆ ಚಳಿ. ಮುಂದಿನ ಸಾಲಿನಲ್ಲಿ ಪಕ್ಕದ ಕುರ್ಚಿಯ ಮೇಲೆ ಅವಳು ಉಣ್ಣೆಯ ಶಾಲು ಮಡಚಿ ಇಟ್ಟಿದ್ದಳು. ಕೂರಲು ಬಂದವರಿಗೆಲ್ಲ, ಇಲ್ಲಿ ಜನ ಇದ್ದಾರೆ ಎಂದಳು. ಯಾರು ಎಂದು ಯಾರೂ ಕೇಳಲಿಲ್ಲ. ಬೆಸ್ತರು, ಹೆಂಗಸರು, ಮೇಷ್ಟರುಗಳು ತುಂಬಿದರು. ಆರೆಲಿ ಸಣ್ಣ ದನಿಯಲ್ಲಿ ಶುರುಮಾಡಿದಳು. ನೀರಿನ ವಿಷಯ, ಬೇರಿನ ವಿಷಯ ಹೇಳುತ್ತ ಹೋದಳು. ಕುರ್ಚಿ ಖಾಲಿಯೇ ಇತ್ತು.

ಹಿಂದಿನ ಬಾಗಿಲು ಕಿರುಗುಟ್ಟಿತು. ಉಬಾಲ್ದಾ ತಿರುಗಿ ನೋಡಲಿಲ್ಲ. ಬೂಟಿನ ಸದ್ದು ನಡುದಾರಿಯಲ್ಲಿ ಇಳಿದು ಬಂದು ಅವಳ ಪಕ್ಕ ನಿಂತಿತು. ಆಕೆ ಶಾಲು ಎತ್ತಿಕೊಂಡಳು. ದೋನ್ ರುತಿಲಿಯೊ ಕೂತು, ಹ್ಯಾಟನ್ನು ಮಂಡಿಯ ಮೇಲೆ ಇಟ್ಟುಕೊಂಡ. ಆತನ ಉಸಿರಿನಲ್ಲಿ ಮೆಸ್ಕಾಲಿನ ವಾಸನೆಯಿತ್ತು. ನಿದ್ದೆ ಮಾಡಿದ ಮುಖವಲ್ಲ ಅದು.

ಗೋಡೆಯ ಮೇಲೆ ಪೈಪಿನ ಚಿತ್ರ ಬಂತು. ಆರೆಲಿಯ ದನಿ ನಿಂತಿತು. ಇದು ಎಲ್ಲಿಯದು ಎಂದು ಹೇಳುವ ಸರದಿ ಈಗ ಅವಳದು. ಅವಳು ಉಬಾಲ್ದಾಳನ್ನು ನೋಡಿದಳು, ಆಮೇಲೆ ಪಕ್ಕದಲ್ಲಿದ್ದವನನ್ನು ನೋಡಿದಳು.

ದೋನ್ ರುತಿಲಿಯೊ ಎದ್ದ. ಹ್ಯಾಟು ಕೆಳಗೆ ಬಿತ್ತು.

“ಅದು ನಂದು,” ಎಂದ. “ಅಡುಗೆಮನೆದೂ ಬರುತ್ತೆ, ಕೋಣೆಗಳದೂ ಬರುತ್ತೆ. ಕಟ್ಟೋವಾಗ ಗೊತ್ತಿತ್ತು. ಆಮೇಲೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅನ್ನೋದು ಬರ್ಲೇ ಇಲ್ಲ. ಹೇಳಮ್ಮಾ, ಮೊದ್ಲು ಏನ್ ಮಾಡ್ಬೇಕು?”

ಆರೆಲಿ ಹೇಳತೊಡಗಿದಳು. ಆತ ನಿಂತೇ ಕೇಳಿದ, ನಡುವೆ ಜಗಳವನ್ನೂ ಆಡಿದ, ಅಷ್ಟೆಲ್ಲ ಒಂದೇ ಮಳೆಗಾಲದಲ್ಲಿ ಆಗುವುದಿಲ್ಲ ಎಂದ, ಮತ್ತೆ ಕೇಳಿದ. ಹಿಂದಿನ ಸಾಲಿನಿಂದ ಒಬ್ಬ ಬೆಸ್ತ ಗದರಿದ, ಆತ ತಲೆತಗ್ಗಿಸಿ ಅದನ್ನೂ ಕೇಳಿಸಿಕೊಂಡ. ಒಬ್ಬ ಮನುಷ್ಯ ತನ್ನ ಊರಿನ ಮುಂದೆ ಹೀಗೆ ನಿಲ್ಲುವುದು ಆ ಗಾಳಿಯಲ್ಲಿ ಸೋರುವ ದೋಣಿ ಹತ್ತಿ ಹೋದುದಕ್ಕಿಂತ ಸುಲಭವಾಗಿರಲಿಲ್ಲ, ಅದು ಉಬಾಲ್ದಾಳಿಗೆ ಕಂಡಿತು. ಅವತ್ತು ರಾತ್ರಿ ದೇವರಿಗೆ ಹೇಳಬೇಕಾದ ಮಾತು ಒಂದು ಹೆಚ್ಚಾಯಿತು.

ಆಕೆ ಬಗ್ಗಿ ಹ್ಯಾಟು ಎತ್ತಿದಳು, ಅದರ ಧೂಳನ್ನು ಲಂಗಕ್ಕೆ ಒರೆಸಿ, ಕೊಂಪಾದ್ರೆ ಮಾತು ಮುಗಿಸಿ ಕೂರುವವರೆಗೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.